ಹಸಿದ ಹೆಡ್‌ಫೋನಿಗೆ ಎಷ್ಟು ವೋಲ್ಟ್ ಊಟ?

ಪಿ.ಯು.ಸಿ. ಓದುವ ಹುಡುಗನೊಬ್ಬನಿಗೆ, ಧ್ವನಿಮುದ್ರಣ ಸ್ಟುಡಿಯೋದಲ್ಲಿ ಕೆಲಸ ಮಾಡುವ ಸೋದರಮಾವ ತಾವು ಬಳಸುತ್ತಿದ್ದ ಹೆಡ್‌ಫೋನ್ ಒಂದನ್ನು ಕೊಟ್ಟರು. ಕಿವಿಯನ್ನು ಪೂರ್ತಿ ಮುಚ್ಚುವ, ಮೆತ್ತನೆಯ ದಿಂಬುಗಳಿದ್ದ, ನೋಡಿದರೇ ಗೌರವ ಹುಟ್ಟಿಸುವ ವಸ್ತು. ಮನೆಗೆ ತಂದು ಮೊಬೈಲ್ ಫೋನಿಗೆ ಸಿಕ್ಕಿಸಿದರೆ ಸಿನಿಮಾ ಹಾಡು ಪರವಾಗಿಲ್ಲ ಎನ್ನುವಂತೆ ಕೇಳಿತು. ಆದರೆ ಅಪ್ಪನಿಗೆ ಇಷ್ಟವಾದ ಹಳೆಯ ಹಿಂದೂಸ್ತಾನಿ ಗಾಯನದ ಮುದ್ರಿಕೆ ಹಾಕಿದಾಗ ಆಲಾಪ ಪಕ್ಕದ ಮನೆಯಿಂದ ಬಂದಂತಿತ್ತು. ವಾಲ್ಯೂಮ್ ಆಗಲೇ ಕೊನೆಯ ಗೆರೆ ಮುಟ್ಟಿತ್ತು.

"ಕೆಟ್ಟುಹೋಗಿದ್ದನ್ನೇ ನಿಮ್ಮ ಮಾವ ನಿನ್ನ ತಲೆಗೆ ಕಟ್ಟಿದ್ದಾನೆ" ಎಂದರು ಅಪ್ಪ.

"ಕೆಟ್ಟಿಲ್ಲಪ್ಪಾ, ಇದಕ್ಕೆ ಬೇರೆ ಆಂಪ್ಲಿಫೈಯರ್ ಬೇಕಂತೆ."

"ಅದಕ್ಕೆಷ್ಟಂತೆ?"

ಹುಡುಗ ಹೇಳಿದ ಮೊತ್ತ ಕೇಳಿ ಅಪ್ಪ ಮರುಮಾತಾಡಲಿಲ್ಲ. ಅದು ಅವನ ಒಂದು ವರ್ಷದ ಟ್ಯೂಷನ್ ಶುಲ್ಕಕ್ಕೆ ಹತ್ತಿರವಿತ್ತು.

ಇಂಥ ಮಾತುಕತೆ ಈಗ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಮಗನ ಮಾತೂ ಪೂರ್ತಿ ಸುಳ್ಳಲ್ಲ, ಅಪ್ಪನ ಅನುಮಾನವೂ ಪೂರ್ತಿ ತಪ್ಪಲ್ಲ. ಕೆಲವು ಹೆಡ್‌ಫೋನುಗಳಿಗೆ ಫೋನು ಕೊಡುವ ವಿದ್ಯುತ್ತು ಸಾಲುವುದಿಲ್ಲ, ನಿಜ. ಆದರೆ ಎಷ್ಟು ಸಾಲದು, ಎಷ್ಟು ಬೇಕು ಎಂಬುದನ್ನು ಅಂಗಡಿಯವನಾಗಲಿ ಗೆಳೆಯರಾಗಲಿ ಹೇಳಬೇಕಾಗಿಲ್ಲ. ಹತ್ತನೆಯ ತರಗತಿಯ ಭೌತಶಾಸ್ತ್ರ ಪುಸ್ತಕದಲ್ಲಿರುವ ಓಮನ ನಿಯಮ, ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ಸಾಕು. ಲೆಕ್ಕ ಮುಗಿಯುವ ಹೊತ್ತಿಗೆ ಬೇಕಾದ ಹಣವೂ ಸಾಮಾನ್ಯವಾಗಿ ಕಡಿಮೆಯಾಗಿರುತ್ತದೆ.

ಹೆಡ್‌ಫೋನಿನ ಜಾತಕ

ಹೆಡ್‌ಫೋನಿನೊಳಗೆ ಇರುವುದು ಪುಟ್ಟ ಧ್ವನಿವರ್ಧಕ. ಒಂದು ಕಾಂತ, ಅದರ ಕ್ಷೇತ್ರದಲ್ಲಿ ತೂಗುವ ಒಂದು ತಂತಿ ಸುರುಳಿ, ಸುರುಳಿಗೆ ಅಂಟಿದ ತೆಳುವಾದ ಪೊರೆ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಹಿಂದೆ ಮುಂದೆ ಅಲುಗುತ್ತದೆ, ಪೊರೆ ಗಾಳಿಯನ್ನು ತಳ್ಳುತ್ತದೆ, ಕಿವಿಗೆ ಸದ್ದು ತಲುಪುತ್ತದೆ. ಈ ಬಗೆಯ ಹೆಡ್‌ಫೋನನ್ನು ಜರ್ಮನಿಯ ಬೇಯರ್‌ಡೈನಾಮಿಕ್ ಸಂಸ್ಥೆ 1937ರಲ್ಲೇ ಡಿಟಿ 48 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತ್ತು. ಮೂಲತತ್ತ್ವ ಇಂದಿಗೂ ಅದೇ.

ಅದರ ಹಸಿವನ್ನು ಅಳೆಯಲು ಎರಡು ಸಂಖ್ಯೆಗಳು ಬೇಕು. ಎರಡೂ ಪೆಟ್ಟಿಗೆಯ ಮೇಲೆ ಅಥವಾ ಜೊತೆಗೆ ಬರುವ ಚೀಟಿಯಲ್ಲಿ ಇರುತ್ತವೆ.

ಮೊದಲನೆಯದು ಇಂಪೀಡೆನ್ಸ್, ಅಂದರೆ ಪರ್ಯಾಯ ವಿದ್ಯುತ್ತಿಗೆ ಸುರುಳಿ ಒಡ್ಡುವ ಒಟ್ಟು ತಡೆ. ಇದನ್ನು ಓಮ್‌ಗಳಲ್ಲಿ ಹೇಳುತ್ತಾರೆ. ಫೋನಿನ ಜೊತೆ ಬಳಸುವ ಸಣ್ಣ ಇಯರ್‌ಫೋನುಗಳಲ್ಲಿ ಇದು 16 ಅಥವಾ 32 ಓಮ್. ಸ್ಟುಡಿಯೋ ಹೆಡ್‌ಫೋನುಗಳಲ್ಲಿ 250, 300, ಕೆಲವೊಮ್ಮೆ 600 ಓಮ್.

ಎರಡನೆಯದು ಸೆನ್ಸಿಟಿವಿಟಿ, ಅಂದರೆ ಒಂದು ಮಿಲಿವ್ಯಾಟ್ ವಿದ್ಯುತ್ ಕೊಟ್ಟಾಗ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು. ಇದು ಸ್ಕೂಟರಿನ ಮೈಲೇಜ್ ಇದ್ದಂತೆ. ಒಂದು ಲೀಟರಿಗೆ ಎಷ್ಟು ದೂರ ಎಂಬ ಹಾಗೆ, ಒಂದು ಮಿಲಿವ್ಯಾಟಿಗೆ ಎಷ್ಟು ಸದ್ದು.

ಕೆಲವು ತಯಾರಕರು ಮಿಲಿವ್ಯಾಟಿಗೆ ಬದಲು ಒಂದು ವೋಲ್ಟಿಗೆ ಎಷ್ಟು ಡೆಸಿಬೆಲ್ ಎಂದು ಬರೆಯುತ್ತಾರೆ. ಈ ವ್ಯತ್ಯಾಸ ಗಮನಿಸದಿದ್ದರೆ ಮೋಸಹೋಗುವುದು ಖಂಡಿತ. ಆಸ್ಟ್ರಿಯಾ ಮೂಲದ ಎಕೆಜಿ ಸಂಸ್ಥೆಯ ಕೆ 701 ಹೆಡ್‌ಫೋನಿನ ಮೇಲೆ 105 ಡೆಸಿಬೆಲ್ ಎಂದಿರುತ್ತದೆ. ಆದರೆ ಅದು ಒಂದು ವೋಲ್ಟಿಗೆ. ಅದರ ತಡೆ 62 ಓಮ್ ಆದ್ದರಿಂದ ಒಂದು ವೋಲ್ಟ್ ಎಂದರೆ ಸುಮಾರು 16 ಮಿಲಿವ್ಯಾಟ್. ಮಿಲಿವ್ಯಾಟಿನ ಲೆಕ್ಕಕ್ಕೆ ಇಳಿಸಿದರೆ ಉಳಿಯುವುದು 93 ಡೆಸಿಬೆಲ್ ಮಾತ್ರ.

ಐದು ನಿಮಿಷದ ಲೆಕ್ಕ

ಹುಡುಗನ ಕೈಗೆ ಬಂದದ್ದು ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 250 ಓಮ್‌ನ ಮಾದರಿ. ಸೆನ್ಸಿಟಿವಿಟಿ ಮಿಲಿವ್ಯಾಟಿಗೆ 96 ಡೆಸಿಬೆಲ್.

ಮೊದಲ ಪ್ರಶ್ನೆ: ಎಷ್ಟು ಸದ್ದು ಬೇಕು? ಹಿತವಾಗಿ ಕೇಳುವ ಸರಾಸರಿ ಮಟ್ಟ 75 ಡೆಸಿಬೆಲ್ ಆಸುಪಾಸು. ಆದರೆ ಸಂಗೀತ ಒಂದೇ ಮಟ್ಟದಲ್ಲಿ ಹರಿಯುವುದಿಲ್ಲ. ತಬಲಾದ ಒಂದು ಪೆಟ್ಟು, ತಾರಸ್ಥಾಯಿಯ ಒಂದು ತಾನ ಕ್ಷಣಮಾತ್ರ 20, 30 ಡೆಸಿಬೆಲ್ ಮೇಲೆ ಚಿಮ್ಮಬಹುದು. ಆದ್ದರಿಂದ ಆಂಪ್ಲಿಫೈಯರಿಗೆ 110 ಡೆಸಿಬೆಲ್‌ವರೆಗೆ ಏರುವ ತ್ರಾಣ ಇದ್ದರೆ ಧಾರಾಳವಾಯಿತು. ಇದು ಕ್ಷಣಿಕ ಶಿಖರಗಳ ಲೆಕ್ಕವೇ ಹೊರತು ಯಾರೂ ಆ ಮಟ್ಟದಲ್ಲಿ ಕೂತು ಕೇಳಬೇಕೆಂದಲ್ಲ.

96ರಿಂದ 110ಕ್ಕೆ ಏರಲು 14 ಡೆಸಿಬೆಲ್ ಬೇಕು. ಡೆಸಿಬೆಲ್ ಎಂಬುದು ಗುಣಾಕಾರದ ಏಣಿ. 10 ಡೆಸಿಬೆಲ್ ಏರಿದರೆ ಸಾಮರ್ಥ್ಯ 10 ಪಟ್ಟು, ಅದರ ಮೇಲೆ 4 ಡೆಸಿಬೆಲ್ ಏರಿದರೆ ಮತ್ತೆ ಎರಡೂವರೆ ಪಟ್ಟು. ಒಟ್ಟು 25 ಪಟ್ಟು. ಅಂದರೆ 1 ಮಿಲಿವ್ಯಾಟಿನ ಜಾಗದಲ್ಲಿ 25 ಮಿಲಿವ್ಯಾಟ್.

ಸಾಮರ್ಥ್ಯವನ್ನು ತಡೆಯಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟೇಜ್ ಸಿಗುತ್ತದೆ. 0.025 ವ್ಯಾಟನ್ನು 250 ಓಮ್‌ನಿಂದ ಗುಣಿಸಿದರೆ 6.25, ಅದರ ವರ್ಗಮೂಲ 2.5. ಬೇಕಾದದ್ದು ಎರಡೂವರೆ ವೋಲ್ಟ್. ಅದನ್ನು 250ರಿಂದ ಭಾಗಿಸಿದರೆ ಹರಿಯುವ ವಿದ್ಯುತ್ತು 10 ಮಿಲಿಆಂಪಿಯರ್. ಲೆಕ್ಕ ಮುಗಿಯಿತು.

ಫೋನಿಗೆ ಸಿಕ್ಕಿಸುವ ಸಣ್ಣ ಅಡಾಪ್ಟರುಗಳು ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ಒಂದು ವೋಲ್ಟಿನವರೆಗೆ ಕೊಡುತ್ತವೆ. ಅರ್ಧ ವೋಲ್ಟ್ ಎಂದರೆ ಈ ಹೆಡ್‌ಫೋನಿಗೆ ಸರಿಯಾಗಿ 1 ಮಿಲಿವ್ಯಾಟ್, ಶಿಖರದ ಮಟ್ಟ 96 ಡೆಸಿಬೆಲ್. ಈಗಿನ ಸಿನಿಮಾ ಹಾಡುಗಳನ್ನು ಮುದ್ರಿಸುವಾಗಲೇ ತಗ್ಗು ದಿಣ್ಣೆಗಳನ್ನು ಒತ್ತಿ ಸಮ ಮಾಡಿರುವುದರಿಂದ ಅವು ಅಷ್ಟರಲ್ಲೇ ಜೋರಾಗಿ ಕೇಳುತ್ತವೆ. ಹಳೆಯ ಗಾಯನದ ಮುದ್ರಿಕೆಯಲ್ಲಿ ಆಲಾಪದ ಮಟ್ಟ ಶಿಖರಕ್ಕಿಂತ ಬಹಳ ಕೆಳಗಿರುತ್ತದೆ. ಶಿಖರವೇ 96ಕ್ಕೆ ನಿಂತರೆ ಆಲಾಪ ಪಿಸುಮಾತಾಗುತ್ತದೆ. ಹೆಡ್‌ಫೋನ್ ಕೆಟ್ಟಿಲ್ಲ, ಹಸಿದಿದೆ ಅಷ್ಟೇ.

ಓಮ್ ಹೆಚ್ಚಾದರೆ ಹಸಿವು ಹೆಚ್ಚೇ?

ಓಮ್ ಹೆಚ್ಚಿರುವುದೆಲ್ಲ ವಿದ್ಯುತ್ತನ್ನು ಕಬಳಿಸುತ್ತದೆ, ಕಡಿಮೆ ಇರುವುದಕ್ಕೆ ಯಾವುದಾದರೂ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು. ಎರಡು ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಬೇಯರ್‌ಡೈನಾಮಿಕ್ ಡಿಟಿ 880ರ 600 ಓಮ್ ಮಾದರಿಯ ಸೆನ್ಸಿಟಿವಿಟಿಯೂ 96 ಡೆಸಿಬೆಲ್. 110 ತಲುಪಲು ಇದಕ್ಕೂ ಬೇಕಾದದ್ದು ಅದೇ 25 ಮಿಲಿವ್ಯಾಟ್. ಆದರೆ ವೋಲ್ಟೇಜ್ 3.9 ಆಗುತ್ತದೆ, ವಿದ್ಯುತ್ತು 6.5 ಮಿಲಿಆಂಪಿಯರಿಗೆ ಇಳಿಯುತ್ತದೆ. ಇದು ಕೇಳುವುದು ಒತ್ತಡವನ್ನು, ಪ್ರವಾಹವನ್ನಲ್ಲ.

ಇನ್ನೊಂದು ಕಡೆ 2010ರಲ್ಲಿ ಬಂದ ಹೈಫೈಮನ್ ಎಚ್‌ಇ-6. ಇದರಲ್ಲಿ ಸುರುಳಿಯ ಬದಲು ಅಗಲವಾದ ತೆಳುಪೊರೆಯ ಮೇಲೆಯೇ ವಾಹಕದ ಗೆರೆಗಳನ್ನು ಹರಡಿ ಕಾಂತಗಳ ಸಾಲಿನ ಎದುರು ನಿಲ್ಲಿಸಿರುತ್ತಾರೆ. ತಡೆ ಕೇವಲ 50 ಓಮ್. ಆದರೆ ಸೆನ್ಸಿಟಿವಿಟಿ 83.5 ಡೆಸಿಬೆಲ್ ಮಾತ್ರ. 110 ತಲುಪಲು 26.5 ಡೆಸಿಬೆಲ್ ಏರಬೇಕು, ಅಂದರೆ ಸುಮಾರು 450 ಮಿಲಿವ್ಯಾಟ್. ವೋಲ್ಟೇಜ್ 4.7, ವಿದ್ಯುತ್ತು 95 ಮಿಲಿಆಂಪಿಯರ್. 600 ಓಮ್‌ನ ಹೆಡ್‌ಫೋನಿಗಿಂತ 50 ಓಮ್‌ನ ಈ ಹೆಡ್‌ಫೋನಿಗೆ 18 ಪಟ್ಟು ಹೆಚ್ಚು ಸಾಮರ್ಥ್ಯ ಬೇಕು! ಹಸಿವನ್ನು ನಿರ್ಧರಿಸುವುದು ಎರಡು ಸಂಖ್ಯೆಗಳು ಸೇರಿ. ಒಂದನ್ನೇ ನೋಡಿ ಹೇಳುವುದು ಎತ್ತರ ಮಾತ್ರ ನೋಡಿ ತೂಕ ಹೇಳಿದಂತೆ.

ಹಾಗಾದರೆ ತಯಾರಕರು ಓಮ್ ಹೆಚ್ಚಿಸುವುದೇಕೆ? ಸ್ಟುಡಿಯೋಗಳಲ್ಲಿ ಒಂದೇ ಆಂಪ್ಲಿಫೈಯರಿಗೆ ಹಲವು ಹೆಡ್‌ಫೋನುಗಳನ್ನು ಸಮಾಂತರವಾಗಿ ಜೋಡಿಸುವ ರೂಢಿ ಇತ್ತು. 600 ಓಮ್‌ನ ನಾಲ್ಕನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ತಡೆ 150 ಓಮ್, ಆಂಪ್ಲಿಫೈಯರಿಗೆ ತೊಂದರೆಯಿಲ್ಲ. 32 ಓಮ್‌ನ ನಾಲ್ಕನ್ನು ಜೋಡಿಸಿದರೆ ಉಳಿಯುವುದು 8 ಓಮ್, ಅದು ಏದುಸಿರು ಬಿಡುತ್ತದೆ. 1968ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 414ರ ತಡೆಯಂತೂ 2000 ಓಮ್ ಇತ್ತು. ಜೊತೆಗೆ, ತೆಳ್ಳನೆಯ ತಂತಿಯನ್ನು ಹೆಚ್ಚು ಸುತ್ತು ಸುತ್ತಿದಾಗಲೂ ತಡೆ ಏರುತ್ತದೆ. ಅದು ಉತ್ತಮ ಗುಣಮಟ್ಟದ ಮುದ್ರೆಯೇನಲ್ಲ, ವಿನ್ಯಾಸದ ಒಂದು ಆಯ್ಕೆ.

ವ್ಯಾಟಿನ ಮೋಹ

ಜಾಹೀರಾತುಗಳಲ್ಲಿ ದೊಡ್ಡಕ್ಷರದಲ್ಲಿ ಮೆರೆಯುವುದು ವ್ಯಾಟ್. ಒಂದು ಆಂಪ್ಲಿಫೈಯರ್ 500 ಮಿಲಿವ್ಯಾಟ್, ಅದರ ಅಣ್ಣ 1000 ಮಿಲಿವ್ಯಾಟ್, ಬೆಲೆ ದುಪ್ಪಟ್ಟು. ಸದ್ದೂ ದುಪ್ಪಟ್ಟಾಗುತ್ತದೆಯೇ? ಇಲ್ಲ. ಸಾಮರ್ಥ್ಯ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಸಾಮರ್ಥ್ಯ ಬೇಕು.

ಎಷ್ಟು ಓಮ್‌ಗೆ ಎಷ್ಟು ವ್ಯಾಟ್ ಎಂಬುದನ್ನೂ ಕೇಳಬೇಕು. 32 ಓಮ್‌ಗೆ 1000 ಮಿಲಿವ್ಯಾಟ್ ಕೊಡುವ ಯಂತ್ರದ ವೋಲ್ಟೇಜ್ ಸುಮಾರು 5.7. ಅದೇ ವೋಲ್ಟೇಜನ್ನು 250 ಓಮ್‌ಗೆ ಕೊಟ್ಟರೆ ಸಿಗುವುದು 128 ಮಿಲಿವ್ಯಾಟ್. ಹುಡುಗನಿಗೆ ಬೇಕಾದ 25ರ ಐದು ಪಟ್ಟು ಅದು. ಉಳಿದದ್ದಕ್ಕೆ ಕೊಟ್ಟ ಹಣ ಶೋಕಿಗೆ ಹೋದಂತೆಯೇ.

ಹೆಸರು ಹೇಳದ ಎಂಜಿನಿಯರ್

ಕಡಿಮೆ ಬೆಲೆಯ ಆಂಪ್ಲಿಫೈಯರ್ ಎಂದರೆ ಕಳಪೆ ಎಂಬ ಭಾವನೆಯನ್ನು ಅಲುಗಾಡಿಸಿದ ಕಥೆ ಸ್ವಾರಸ್ಯವಾಗಿದೆ. 1990ರ ದಶಕದ ಕೊನೆಯಲ್ಲಿ ಚು ಮೊಯ್ ಎಂಬ ಅಮೆರಿಕನ್ ಹವ್ಯಾಸಿ, ಒಂದು 9 ವೋಲ್ಟ್ ಬ್ಯಾಟರಿಯಿಂದ ನಡೆಯುವ, ಜೇಬಿನಲ್ಲಿ ಹಿಡಿಸುವ ಆಂಪ್ಲಿಫೈಯರಿನ ನಕ್ಷೆ ಪ್ರಕಟಿಸಿದರು. ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಅದನ್ನು ಕಟ್ಟಿಕೊಂಡ ಹವ್ಯಾಸಿಗಳು ಜಗತ್ತಿನಾದ್ಯಂತ ಇದ್ದಾರೆ. ಕೆಲವು ರೆಸಿಸ್ಟರ್, ಕೆಪಾಸಿಟರ್, ಆಪ್-ಆಂಪ್ ಐ.ಸಿ., ಇಷ್ಟೇ ಅದರ ಸಾಮಗ್ರಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥ ಬಿಡಿಭಾಗಗಳು ಸಿಗುತ್ತವೆ. ಬೆಸುಗೆ ಹಾಕಲು ಬರುವ ವಿದ್ಯಾರ್ಥಿಗೆ ರಜೆಯಲ್ಲಿ ಮಾಡಲು ಒಳ್ಳೆಯ ಕೆಲಸ.

ಆದರೆ ಅದರ ಮಿತಿಯನ್ನೂ ಓಮನ ಲೆಕ್ಕವೇ ಹೇಳುತ್ತದೆ. 9 ವೋಲ್ಟನ್ನು ಮೇಲಕ್ಕೆ ನಾಲ್ಕೂವರೆ, ಕೆಳಕ್ಕೆ ನಾಲ್ಕೂವರೆ ಎಂದು ಹಂಚಬೇಕು. ಅದು ಅಲೆಯ ತುದಿಯ ಅಳತೆ. 1.414ರಿಂದ ಭಾಗಿಸಿದರೆ ಪರಿಣಾಮಕಾರಿ ವೋಲ್ಟೇಜ್ ಹೆಚ್ಚೆಂದರೆ 3.2. ಐ.ಸಿ. ತನ್ನ ಪಾಲನ್ನು ಮುರಿದುಕೊಂಡ ಮೇಲೆ, ಬ್ಯಾಟರಿ ಸ್ವಲ್ಪ ಸವೆದ ಮೇಲೆ ಎರಡು ವೋಲ್ಟಿನ ಆಸುಪಾಸು ಉಳಿಯುತ್ತದೆ. 250 ಓಮ್‌ಗೆ ಸರಿಸುಮಾರು ಸಾಕು. ಎಚ್‌ಇ-6ಕ್ಕೆ ಏನೇನೂ ಸಾಲದು.

2011ರಲ್ಲಿ ಇನ್ನೊಬ್ಬ ಎಂಜಿನಿಯರ್ ಬಂದ. ನಿಜನಾಮ ಹೇಳದೆ, ಎನ್‌ಡಬ್ಲ್ಯುಎವಿಗೈ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ಈತ ಆಂಪ್ಲಿಫೈಯರುಗಳನ್ನು ಉಪಕರಣಗಳಿಂದ ಅಳೆದು, ಬೆಲೆಗೂ ಶುದ್ಧತೆಗೂ ನೇರ ಸಂಬಂಧವಿಲ್ಲ ಎಂದು ವಾದಿಸಿದ. ಬರೀ ವಾದಿಸಿ ಸುಮ್ಮನಾಗಲಿಲ್ಲ. ಒ2 ಎಂಬ ಆಂಪ್ಲಿಫೈಯರ್ ವಿನ್ಯಾಸ ಮಾಡಿ, ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಪೂರ್ತಿ ನಕ್ಷೆಯನ್ನು ಬಹಿರಂಗಪಡಿಸಿದ. ಅದರಲ್ಲಿದ್ದದ್ದು ಎಲ್ಲೆಡೆ ಸಿಗುವ ಅಗ್ಗದ ಐ.ಸಿ.ಗಳು. ಮೇನ್ಸ್ ವಿದ್ಯುತ್ತಿನಲ್ಲಿ ಅದು ಸುಮಾರು 7 ವೋಲ್ಟ್ ಕೊಡುತ್ತಿತ್ತು, 600 ಓಮ್‌ಗೂ ಬೇಕಾದಷ್ಟಾಯಿತು. 2012ರಲ್ಲಿ ಆತ ಬರೆಯುವುದನ್ನು ನಿಲ್ಲಿಸಿ ಕಣ್ಮರೆಯಾದ. ಆದರೆ ಸಂದೇಶ ಉಳಿಯಿತು. 2012ರಲ್ಲಿ ಅಮೆರಿಕದ ಷೀಟ್ ಸಂಸ್ಥೆಯ ಮ್ಯಾಗ್ನಿ, 2018ರಲ್ಲಿ ಜೆಡಿಎಸ್ ಲ್ಯಾಬ್ಸ್‌ನ ಆಟಮ್, ಎರಡೂ 99 ಡಾಲರಿಗೆ ಮಾರಾಟಕ್ಕೆ ಬಂದವು. ನಮ್ಮ ದೇಶಕ್ಕೆ ಬರುವಾಗ ಸುಂಕ, ಸಾಗಣೆ ಸೇರಿ ಬೆಲೆ ಏರುತ್ತದೆ ನಿಜ. ಆದರೂ ಲಕ್ಷದ ಮಾತು ಆಡಬೇಕಾಗಿಲ್ಲ ಎಂಬುದು ಸ್ಪಷ್ಟ.

ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ

ಒಂದು, ಯಂತ್ರ ತನ್ನ ಹೆಡ್‌ಫೋನಿನ ಓಮ್‌ಗೆ ಎಷ್ಟು ವೋಲ್ಟ್ ಅಥವಾ ಮಿಲಿವ್ಯಾಟ್ ಕೊಡುತ್ತದೆ? ಲೆಕ್ಕದಲ್ಲಿ ಬಂದದ್ದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು.

ಎರಡು, ಅದರ ಗೇನ್, ಅಂದರೆ ವರ್ಧನೆ ಎಷ್ಟು ಪಟ್ಟು? ಅರ್ಧ ವೋಲ್ಟ್ ಕೊಡುವ ಮೂಲದಿಂದ ಎರಡೂವರೆ ವೋಲ್ಟ್ ಬೇಕಾದರೆ ಐದು ಪಟ್ಟು ಸಾಕು. ವಿಪರೀತ ವರ್ಧನೆಯಿದ್ದರೆ ಗುಂಡಿಯನ್ನು ತುಸು ತಿರುಗಿಸಿದೊಡನೆ ಅಬ್ಬರ. ಹಿನ್ನೆಲೆಯ ಸುಸ್ಸೆಂಬ ಸದ್ದೂ ಏರುತ್ತದೆ. ಅಗ್ಗದ ಗುಂಡಿಗಳಲ್ಲಿ ಆ ಮೊದಲ ಭಾಗದಲ್ಲೇ ಎಡ ಬಲ ಕಿವಿಗಳ ಮಟ್ಟ ಹೊಂದದೆ ಹೋಗುತ್ತದೆ. ಎರಡು ಹಂತದ ಗೇನ್ ಸ್ವಿಚ್ ಇರುವುದು ಅನುಕೂಲ.

ಮೂರು, ಆಂಪ್ಲಿಫೈಯರಿನ ಸ್ವಂತ ತಡೆ, ಅಂದರೆ ಔಟ್‌ಪುಟ್ ಇಂಪೀಡೆನ್ಸ್ ಎಷ್ಟು? ಇದು ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬುದು ರೂಢಿಯ ಸೂತ್ರ. 1996ರ ಅಂತರರಾಷ್ಟ್ರೀಯ ಮಾನಕವೊಂದು 120 ಓಮ್ ಸೂಚಿಸಿತ್ತು. ಅಂಥ ಮೂಲಕ್ಕೆ 32 ಓಮ್‌ನ ಹೆಡ್‌ಫೋನ್ ಜೋಡಿಸಿದರೆ ವೋಲ್ಟೇಜಿನ ಐದನೆಯ ಒಂದು ಭಾಗ ಮಾತ್ರ ಕಿವಿಗೆ, ಉಳಿದದ್ದು ಆಂಪ್ಲಿಫೈಯರಿನ ಹೊಟ್ಟೆಗೆ. ಸುರುಳಿಯ ತಡೆ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲವಾದ್ದರಿಂದ ನಾದದ ಬಣ್ಣವೂ ಬದಲಾಗುತ್ತದೆ. 250 ಓಮ್‌ನವರಿಗೆ 30 ಓಮ್‌ವರೆಗೂ ಚಿಂತೆಯಿಲ್ಲ. 32 ಓಮ್‌ನವರಿಗೆ 4 ಓಮ್ ಮೀರಬಾರದು.

ನಾಲ್ಕು, ಮನೆಯಲ್ಲಿ ಇರುವುದನ್ನು ಪರೀಕ್ಷಿಸಿದ್ದಾಗಿದೆಯೇ? ಹಳೆಯ ಸ್ಟೀರಿಯೋದಲ್ಲಿ, ಕಂಪ್ಯೂಟರಿನಲ್ಲಿ ಹೆಡ್‌ಫೋನ್ ರಂಧ್ರ ಇರಬಹುದು. ಅದಕ್ಕೆ ಸಿಕ್ಕಿಸಿ ಕೇಳಿದರೆ ಖರ್ಚೇ ಇಲ್ಲ.

ಚಿನ್ನದ ಲೇಪ, ದಪ್ಪ ತಂತಿ, ಹೊಳೆಯುವ ವಾಲ್ವ್, ಇವು ಯಾವುವೂ ಈ ಪಟ್ಟಿಯಲ್ಲಿಲ್ಲ.

ಕಿವಿಯ ಲೆಕ್ಕ

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಇನ್ನೊಂದು ಲೆಕ್ಕ ಬಾಕಿ ಉಳಿಯುತ್ತದೆ. ಅಪ್ಪಂದಿರು ಬೆಲೆಗೆ ಹೆದರುತ್ತಾರೆ. ಹೆದರಬೇಕಾದದ್ದು ಅದಕ್ಕಿಂತ ಹೆಚ್ಚಾಗಿ ಇದಕ್ಕೆ. ಹಸಿದ ಹೆಡ್‌ಫೋನಿಗೆ ತಕ್ಕ ಆಂಪ್ಲಿಫೈಯರನ್ನು ತಮ್ಮನೋ ತಂಗಿಯೋ 16 ಓಮ್‌ನ ಸಣ್ಣ ಇಯರ್‌ಫೋನಿಗೆ ಸಿಕ್ಕಿಸಿದರೆ? ಮಿಲಿವ್ಯಾಟಿಗೆ 100 ಡೆಸಿಬೆಲ್ ಕೊಡುವ ಇಯರ್‌ಫೋನಿಗೆ ಎರಡೂವರೆ ವೋಲ್ಟ್ ಎಂದರೆ ಲೆಕ್ಕದ ಪ್ರಕಾರ 390 ಮಿಲಿವ್ಯಾಟ್, ಸುಮಾರು 126 ಡೆಸಿಬೆಲ್. ಕಿವಿಗೆ ಅದು ನೋವಿನ ಹಂತ.

ಒಳಕಿವಿಯಲ್ಲಿ ಸದ್ದನ್ನು ನರಸಂಕೇತವಾಗಿಸುವ ಸೂಕ್ಷ್ಮ ರೋಮಕೋಶಗಳು ಸುಮಾರು 15,000. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್‌ನಲ್ಲಾದರೆ ವಾರಕ್ಕೆ 4 ಗಂಟೆ ಮಾತ್ರ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. ಅದೇ ಡೆಸಿಬೆಲ್ ಏಣಿ ಇಲ್ಲಿ ಕಿವಿಯ ಆಯಸ್ಸನ್ನು ಇಳಿಸುತ್ತದೆ.

ಆದ್ದರಿಂದ ಕೆಲವು ಅಭ್ಯಾಸಗಳು ಒಳ್ಳೆಯವು. ಗುಂಡಿಯನ್ನು ಸೊನ್ನೆಗೆ ಇಳಿಸಿದ ಮೇಲೆಯೇ ಹೆಡ್‌ಫೋನ್ ಸಿಕ್ಕಿಸುವುದು. ಕಿವಿಗೆ ಹಾಕಿಕೊಂಡ ಮೇಲೆ ನಿಧಾನವಾಗಿ ಏರಿಸುವುದು. ಒಮ್ಮೆ ಹಿತವೆನಿಸಿದ ಜಾಗಕ್ಕೆ ಗುರುತು ಹಾಕಿ ಅದನ್ನು ದಾಟದಿರುವುದು. ಕೇಳಿದ ನಂತರ ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಅದು ಎಚ್ಚರಿಕೆಯ ಗಂಟೆ ಎಂದೇ ತಿಳಿಯುವುದು.

ಕೊನೆಗೆ ಕೊಂಡದ್ದೇನು?

ಹುಡುಗ ಲೆಕ್ಕ ಹಾಕಿದ ಹಾಳೆಯನ್ನು ಅಪ್ಪನ ಮುಂದೆ ಇಟ್ಟ. ಬೇಕಾದದ್ದು ಎರಡೂವರೆ ವೋಲ್ಟ್. ಫೋನಿಗೇ ಸಿಕ್ಕಿಸುವ, ಬೆರಳುದ್ದದ ಅಡಾಪ್ಟರುಗಳಲ್ಲಿ ಎರಡು ವೋಲ್ಟ್ ಕೊಡುವಂಥವೂ ಇವೆ. ಎರಡು ವೋಲ್ಟ್ ಎಂದರೆ 16 ಮಿಲಿವ್ಯಾಟ್, 108 ಡೆಸಿಬೆಲ್. ಗುರಿಗೆ ಎರಡೇ ಡೆಸಿಬೆಲ್ ಕಡಿಮೆ. ಅದಕ್ಕಾಗಿ ಮೇಜಿನ ಮೇಲಿಡುವ ದೊಡ್ಡ ಯಂತ್ರ ಬೇಕೆ?

"ಎಚ್‌ಇ-6 ಆಗಿದ್ದರೆ ಬೇಕಾಗಿತ್ತು. ಇದಕ್ಕೆ ಬೇಡ" ಎಂದ ಹುಡುಗ.

ಅಪ್ಪ ಕನ್ನಡಕ ಏರಿಸಿ ಹಾಳೆ ಓದಿದರು. ವರ್ಗಮೂಲದ ಸಾಲಿನಲ್ಲಿ ಬೆರಳಿಟ್ಟು ಒಮ್ಮೆ ತಾವೇ ಗುಣಿಸಿ ನೋಡಿದರು. ಮೊದಲು ಕೇಳಿದ ಮೊತ್ತದ ಸಣ್ಣದೊಂದು ಭಾಗ ಖರ್ಚಾಯಿತು. ಅಡಾಪ್ಟರ್ ಬಂದ ಸಂಜೆ ಮೊದಲು ಹೆಡ್‌ಫೋನ್ ಹಾಕಿಕೊಂಡು ಕೂತವರು ಅಪ್ಪ. ತಂಬೂರಿಯ ಹಿಂದೆ ಗಾಯಕರು ಉಸಿರೆಳೆದುಕೊಳ್ಳುವುದೂ ಕೇಳುತ್ತದೆ ಎಂದರು. ವಾಲ್ಯೂಮ್ ಮೂರನೆಯ ಎರಡು ಭಾಗದಲ್ಲಿತ್ತು. ಅಲ್ಲಿಂದ ಮೇಲೆ ಹೋಗಕೂಡದು ಎಂಬ ಕರಾರಿನೊಂದಿಗೆ ಹೆಡ್‌ಫೋನನ್ನು ಮಗನ ಕೈಗೆ ಕೊಟ್ಟಾಗ ರಾತ್ರಿ ಊಟದ ಹೊತ್ತಾಗಿತ್ತು.